ತೇಪೆ ಬೇರೆ, ದುರಸ್ತಿ ಬೇರೆ

ಹಳೆಯ ವಸ್ತುಗಳ ವಿಷಯದಲ್ಲಿ ನಮ್ಮ ಜನರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮನೋಭಾವ ಕಂಡುಬರುತ್ತದೆ. ವಸ್ತು ಕೊಂಚ ಕೆಟ್ಟೊಡನೆಯೇ ಅದನ್ನು ಗುಜರಿಗೆ ಹಾಕಿ ಹೊಸದನ್ನು ತರುವುದೇ ಜಾಣತನವೆಂದು ಕೆಲವರು ಬಗೆಯುತ್ತಾರೆ. ತಂತಿ ಬಿಗಿದೋ ತಗಡು ಸುತ್ತಿಯೋ ಅದನ್ನೇ ಇನ್ನಷ್ಟು ದಿನ ನೂಕುವುದು ಮಿತವ್ಯಯವೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಇವೆರಡಕ್ಕೂ ಸೇರದ ಮೂರನೆಯ ದಾರಿಯೊಂದಿದೆ. ಅದು ನಿಜವಾದ ದುರಸ್ತಿಯ ದಾರಿ. ತೇಪೆಯನ್ನೇ ದುರಸ್ತಿಯೆಂದು ಕರೆಯುವ ಅಭ್ಯಾಸದಿಂದ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಒಂದು ಹಳೆಯ ಮೋಟಾರು ಕಾರಿನ ಹೊಗೆಕೊಳವೆಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ವಿಷಯ ಕ್ಷುಲ್ಲಕವೆಂದು ವಾಚಕರು ಭಾವಿಸದಿರಲಿ. ಆ ಕೊಳವೆಯ ದೆಸೆಯಿಂದ ನಮ್ಮ ಮನೆಯ ಐದು ಜೀವಗಳು ಅಪಾಯದ ಅಂಚಿನವರೆಗೆ ಹೋಗಿ ಬಂದಿವೆ.

ನಮ್ಮ ಮಾವನವರು ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದವರು. 1986ರಲ್ಲಿ ಅವರು ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಅವರ ಕಾಲಾನಂತರ ನಮ್ಮ ಮನೆಗೆ ಬಂತು. ಈ ಕಾರಿನ ಹಿಂದೆ ನಾಡಿನ ಇತಿಹಾಸದ ಒಂದು ಎಳೆಯೂ ಇದೆ. ನಮ್ಮ ದೇಶದಲ್ಲಿಯೇ ಮೋಟಾರು ವಾಹನಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ವಿದೇಶಗಳಲ್ಲಿಯೂ ಸಂಚರಿಸಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರು ಸಂಸ್ಥಾನದಲ್ಲಿ ಅಂಥ ಕಾರ್ಖಾನೆಯನ್ನು ಕಾಣಬೇಕೆಂಬ ಆಶಯ ಅಂದಿನ ಬ್ರಿಟಿಷ್ ಆಡಳಿತದ ನಿರುತ್ಸಾಹದಿಂದ ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಜೊತೆಗೂಡಿದ್ದ ಉದ್ಯಮಿ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು; ಅದರ ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿ ತಲೆಯೆತ್ತಿತು. ಇಟಲಿಯ ಫಿಯಟ್ 1100 ಡಿ ಮಾದರಿಯ ಕಾರು 1964ರಿಂದ ಅಲ್ಲಿ ತಯಾರಾಗತೊಡಗಿ, 1974ರ ಸುಮಾರಿಗೆ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಘನ ಸೆಂಟಿಮೀಟರಿನ ಪುಟ್ಟ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿಯೇ ಗೇರಿನ ಕೋಲು, ಹಗುರವಾದ ಮೈಕಟ್ಟು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ 'ಫಿಯಟ್' ಆಗಿಯೇ ಉಳಿಯಿತು.

ಅದರ ತಯಾರಿಕೆ 2000ದ ಸುಮಾರಿಗೆ ನಿಂತಿತು. ಆದರೂ ಬಿಡಿಭಾಗಗಳಿಗೆ ತಕ್ಷಣ ಬರ ಬರಲಿಲ್ಲ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಪದ್ಮಿನಿಗಳೇ ಆಗಿದ್ದವು. ಸಾವಿರಾರು ಟ್ಯಾಕ್ಸಿಗಳು ಹಗಲಿರುಳು ಓಡುತ್ತಿದ್ದ ಕಾರಣ ಸಣ್ಣಪುಟ್ಟ ತಯಾರಕರು ಸೈಲೆನ್ಸರ್, ಪೈಪು, ರಬ್ಬರು ಸಾಮಾನುಗಳನ್ನು ಮಾಡಿ ಮಾರುತ್ತಲೇ ಇದ್ದರು. 20 ವರ್ಷದ ಮಿತಿ ತುಂಬಿದ ಟ್ಯಾಕ್ಸಿಗಳು ಒಂದೊಂದಾಗಿ ರಸ್ತೆಯಿಂದ ಹಿಂದೆಗೆದು, 2023ರ ಅಕ್ಟೋಬರ್ ಅಂತ್ಯಕ್ಕೆ ಕೊನೆಯದೂ ವಿರಮಿಸಿತು. ಬೇಡಿಕೆಯಿಲ್ಲದ ಮೇಲೆ ತಯಾರಕನೇಕೆ ಅಚ್ಚನ್ನು ಕಾಪಾಡಿಕೊಂಡು ಕೂತಾನು? ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ನಾನು ವಿಚಾರಿಸಿದಾಗ, ವಯಸ್ಸಾದ ವ್ಯಾಪಾರಿಗಳು ಆ ಹೆಸರು ಕೇಳಿ ಮುಗುಳ್ನಕ್ಕರು. ಸಾಮಾನು ಮಾತ್ರ ಇರಲಿಲ್ಲ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಂದು ಸೈಲೆನ್ಸರ್ ದೊರೆತಿತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು.

ಇನ್ನು ಅಪಾಯದ ಸಂಗತಿ. 2024ರ ಮಳೆಗಾಲದಲ್ಲಿ ನಾವು ಮನೆಮಂದಿಯೆಲ್ಲ ಚಿತ್ರದುರ್ಗದಿಂದ ಉಡುಪಿಗೆ ಈ ಕಾರಿನಲ್ಲಿಯೇ ಹೊರಟೆವು. ಶಿವಮೊಗ್ಗ ದಾಟಿದೊಡನೆ ಮಳೆ ಹಿಡಿಯಿತು. ಕಿಟಕಿಗಳನ್ನು ಪೂರ್ತಿ ಏರಿಸಿದೆವು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಮೊಮ್ಮಗ ತಲೆನೋವೆಂದ. ಬಳಿಕ ವಾಂತಿ ಮಾಡಿಕೊಂಡ. ಮೊಮ್ಮಗಳು ತೂಕಡಿಸುತ್ತ ಅಜ್ಜಿಯ ತೊಡೆಗೆ ಒರಗಿದಳು. "ಘಟ್ಟದ ತಿರುವು, ಎಲ್ಲರಿಗೂ ಹೀಗೇ ಆಗುತ್ತೆ" ಎಂದು ನನ್ನ ಮಡದಿ ನಿಂಬೆಹಣ್ಣು ಮೂಸಿಸಿದಳು. ನಾನೂ ಹೌದೆಂದೆ. ತೀರ್ಥಹಳ್ಳಿಯಲ್ಲಿ ಕಾಫಿಗೆ ಇಳಿದು ಅರ್ಧ ಗಂಟೆ ಗಾಳಿಯಲ್ಲಿ ನಿಂತ ಮೇಲೆ ಮಕ್ಕಳು ಚೇತರಿಸಿಕೊಂಡರು. ಆಗ ನನಗೆ ಹೊಳೆದ ಮಾತಿದು: ಆಗುಂಬೆ ಘಾಟಿ ಇನ್ನೂ ಮುಂದಿದೆ, ಘಟ್ಟವೇ ಬಾರದೆ ಘಟ್ಟದ ಕಾಯಿಲೆ ಬಂದದ್ದು ಹೇಗೆ?

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ ಎಂದು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬರೆದವನು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು ಈ ಅನಿಲವಿದ್ದರೆ ಒಂದೆರಡು ಗಂಟೆಗಳಲ್ಲಿ ತಲೆನೋವು ತೋರುತ್ತದೆ. ಕಾರ್ಬ್ಯುರೇಟರಿನ ಹಳೆಯ ಎಂಜಿನ್ನಿನ ಹೊಗೆಯಲ್ಲಾದರೋ ಅದು ನೂರಕ್ಕೆ ಒಂದು, ಎರಡು, ಮೂರು ಪಾಲಿನವರೆಗೂ ಇರುವುದುಂಟು. ನೂರಕ್ಕೆ ಒಂದೆಂದರೆ ಹತ್ತು ಲಕ್ಷಕ್ಕೆ 10,000. ಮಕ್ಕಳು ಉಸಿರಾಡುವ ವೇಗ ಹೆಚ್ಚು. ಆದುದರಿಂದ ಮೊದಲು ಬಾಧೆಗೆ ಸಿಕ್ಕವರು ಅವರೇ. ತಿಳಿವಳಿಕೆ ಪುಸ್ತಕದಲ್ಲಿತ್ತು, ಕಾರಿನಲ್ಲಿ ಕೂತಾಗ ಜೊತೆಗಿರಲಿಲ್ಲ. ಈ ಅವಿವೇಕವನ್ನು ಅಧ್ಯಾಪಕ ಮಿತ್ರರ ಮುಂದೆ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಂದಿನ ಪಯಣವನ್ನು ಬಸ್ಸಿನಲ್ಲಿ ಮುಗಿಸಿ, ಕಾರನ್ನು ಬಳಿಕ ಲಾರಿಯ ಮೇಲೆ ಊರಿಗೆ ತರಿಸಿದೆ.

ಗಾಡಿಯನ್ನು ಎತ್ತಿ ನೋಡಿದಾಗ ಕಂಡದ್ದು ಇಷ್ಟು. ಹಿಂದಿನ ವರ್ಷ ಸದ್ದು ಹೆಚ್ಚಾಯಿತೆಂದು ಗ್ಯಾರೇಜೊಂದಕ್ಕೆ ಬಿಟ್ಟಿದ್ದೆ. ಅವರು ತೂತಿನ ಮೇಲೆ ಎಣ್ಣೆ ಡಬ್ಬಿಯ ತಗಡನ್ನು ಸುತ್ತಿ, ಎರಡು ಕಡೆ ಕ್ಲಿಪ್ಪು ಬಿಗಿದು, ಸಂದುಗಳಿಗೆ ಸೈಲೆನ್ಸರ್ ಪೇಸ್ಟು ಮೆತ್ತಿ, ಮೇಲೆ ಬೆಳ್ಳಿಬಣ್ಣ ಬಳಿದಿದ್ದರು. ನೋಡಲು ಹೊಸದರಂತಿತ್ತು, ಸದ್ದೂ ಅಡಗಿತ್ತು. ಆದರೆ ಆ ತಗಡಿನ ಅಡಿಯಲ್ಲಿ ಪೈಪು ಒಂದು ಗೇಣು ಉದ್ದಕ್ಕೆ ಕರಗಿಹೋಗಿತ್ತು. ತಗಡಿನ ಮೇಲ್ಮಗ್ಗುಲು ಸಡಿಲಗೊಂಡು ಹೊಗೆಯನ್ನು ನೇರವಾಗಿ ಕಾರಿನ ನೆಲದತ್ತ ಊದುತ್ತಿತ್ತು. ನೆಲದ ತಗಡಿನಲ್ಲಿಯೂ ತುಕ್ಕಿನ ರಂಧ್ರಗಳಿದ್ದವು. ರಬ್ಬರ್ ಮ್ಯಾಟು ಅವನ್ನು ಮುಚ್ಚಿತ್ತು. ತೂತು ತೂತಾಗಿಯೇ ಉಳಿದಿದ್ದರೆ ಸದ್ದು ಮಾಡಿ ನಮ್ಮನ್ನು ಎಚ್ಚರಿಸುತ್ತಿತ್ತು. ಕೆಟ್ಟ ತೇಪೆ ದೋಷವನ್ನು ಉಳಿಸಿತು. ದೋಷದ ಕೂಗನ್ನು ಮಾತ್ರ ಅಡಗಿಸಿತು. ಈ ಲೇಖನದ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹೊಗೆಕೊಳವೆ ಏಕೆ ತುಕ್ಕು ಹಿಡಿಯುತ್ತದೆ? ಮಳೆನೀರು, ರಸ್ತೆಯ ಕೆಸರು ಎಂದು ಬಹುಮಂದಿ ಭಾವಿಸುತ್ತಾರೆ. ಅದು ಅರ್ಧ ಸತ್ಯ. ಪೆಟ್ರೋಲಿನಲ್ಲಿರುವ ಜಲಜನಕ ಉರಿದು ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಮತ್ತು ಕೊಳವೆ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿಯೇ ಹೊರಹೋಗುತ್ತದೆ. ಆದರೆ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡೆರಡು ಮೈಲಿ ಓಡುವ ಕಾರಿನಲ್ಲಿ ಹಿಂದಿನ ಸೈಲೆನ್ಸರು ಬಿಸಿಯಾಗುವುದೇ ಇಲ್ಲ. ಆವಿ ಅಲ್ಲಿಯೇ ತಣಿದು ನೀರಾಗಿ, ಹೊಗೆಯಲ್ಲಿರುವ ಗಂಧಕ ಹಾಗೂ ಸಾರಜನಕದ ಆಕ್ಸೈಡುಗಳನ್ನು ಹೀರಿ ದುರ್ಬಲವಾದ ಆಮ್ಲವಾಗುತ್ತದೆ. 2020ರ ಏಪ್ರಿಲ್ 1ರಿಂದ ಪೆಟ್ರೋಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿದಿರುವುದು ನಿಜ; ನೀರು ಮಾತ್ರ ಇಳಿದಿಲ್ಲ. ಹೀಗಾಗಿ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಸಾಸಿವೆ ಕಾಳಿನಷ್ಟು ತೂತು ಕಂಡಾಗ ಒಳಗೆ ಅಂಗೈಯಗಲ ಲೋಹ ಸತ್ತಿರುತ್ತದೆ. ತೂತನ್ನಷ್ಟೇ ಮುಚ್ಚುವವನು ರೋಗವನ್ನು ಮುಟ್ಟಲೇ ಇಲ್ಲ.

ನಮ್ಮೂರಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಪ್ಪತ್ತು ದಾಟಿದ ಗ್ಯಾಸ್ ವೆಲ್ಡಿಂಗ್ ಮೇಸ್ತ್ರಿಯೊಬ್ಬರಿದ್ದಾರೆ. ಕಾರನ್ನು ಅವರ ಬಳಿಗೆ ಒಯ್ದೆ. ಅವರು ಮೊದಲು ಮಾಡಿದ ಕೆಲಸವೆಂದರೆ ಸಣ್ಣ ಸುತ್ತಿಗೆಯಿಂದ ಕೊಳವೆಯನ್ನು ಉದ್ದಕ್ಕೂ ತಟ್ಟುತ್ತ ಕಿವಿಗೊಟ್ಟು ಕೇಳಿದುದು. ಗಟ್ಟಿ ಲೋಹ ಕಂಚಿನಂತೆ ಉಲಿಯುತ್ತದೆ. ಸತ್ತ ಲೋಹ ಬೊದ್ದು ಸದ್ದು ಕೊಡುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿ ಹೇಳಿದರು: "ಮೇಷ್ಟ್ರೇ, ಗಟ್ಟಿ ಲೋಹ ಸಿಗೋವರೆಗೂ ಕತ್ತರಿಸಬೇಕು. ಕೊಳೆತದ್ದಕ್ಕೆ ಗಟ್ಟಿಯದು ಅಂಟೋದಿಲ್ಲ." ನಾನು ಬಿಡಿಭಾಗ ಸಿಗದ ಕಷ್ಟವನ್ನು ತೋಡಿಕೊಂಡೆ. ಅವರು ನಕ್ಕು, "ಸಿಗದಿದ್ದರೆ ಮಾಡೋದು. ಕಾರ್ಖಾನೇಲೂ ಯಾರೋ ಮಾಡಿದ್ದೇ ಅಲ್ಲವೇ?" ಎಂದರು.

ಮುಂದಿನ ಮೂರು ದಿನ ನಾನು ಅಲ್ಲಿ ವಿದ್ಯಾರ್ಥಿಯಾಗಿ ಕುಳಿತೆ. ಪೆಟ್ರೋಲ್ ಟ್ಯಾಂಕಿರುವ ಗಾಡಿಯ ಅಡಿಯಲ್ಲಿ ಬೆಂಕಿ ಹಿಡಿಯಬಾರದೆಂದು ಇಡೀ ಕೊಳವೆಯನ್ನು ಕೆಳಗಿಳಿಸಿದರು. ತುಕ್ಕು ಕಚ್ಚಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಉಣಿಸಿಟ್ಟಿದ್ದರು. ಬಲ ಹಾಕಿ ತಿರುಗಿಸಿದರೆ ಮ್ಯಾನಿಫೋಲ್ಡಿನ ಸ್ಟಡ್ಡು ಬುಡದಲ್ಲಿ ಮುರಿಯುತ್ತದೆ. ಎರಕದ ಕಬ್ಬಿಣದೊಳಗಿನಿಂದ ಅದನ್ನು ಕೊರೆದು ತೆಗೆಯುವುದು ದೊಡ್ಡ ಸಂಕಟ. ಆದುದರಿಂದ ನಟ್ಟನ್ನು ಕಾಯಿಸಿ, ಹಿಂದಕ್ಕೂ ಮುಂದಕ್ಕೂ ಕೊಂಚಕೊಂಚವೇ ಅಲುಗಿಸಿ ಬಿಡಿಸಿದರು. ಮರಳಿ ಜೋಡಿಸುವಾಗ ಹಿತ್ತಾಳೆಯ ನಟ್ಟುಗಳನ್ನು ಹಾಕಿದರು. ಹಿತ್ತಾಳೆಗೂ ಉಕ್ಕಿಗೂ ಬಿಸಿಯಲ್ಲಿ ಬೆಸುಗೆ ಕಚ್ಚುವುದಿಲ್ಲ, ಮುಂದೆ ಬಿಚ್ಚುವವನಿಗೆ ಸುಲಭ. ತನ್ನ ನಂತರ ಇನ್ನೊಬ್ಬ ಬಿಚ್ಚುತ್ತಾನೆಂಬ ಎಚ್ಚರ ಅವರ ಕೆಲಸದಲ್ಲೆಲ್ಲ ಕಾಣುತ್ತಿತ್ತು. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದೆಂದು ಅದನ್ನು ಒಣಗಿದಂತೆಯೇ ಕೆರೆಯಲು ಬಿಡದೆ ನೀರಿನಿಂದ ಒದ್ದೆಮಾಡಿಸಿ ತೆಗೆಸಿದರು.

ಅನಂತರ ಹಳೆಯ ಕೊಳವೆಯ ಬಾಗುಗಳಿಗೆ ಸರಿಯಾಗಿ ಕಬ್ಬಿಣದ ಸಣ್ಣ ಸರಳೊಂದನ್ನು ಬಗ್ಗಿಸಿ ಮಾದರಿ ಮಾಡಿಕೊಂಡರು. ಕೊಳೆತ ಭಾಗವೂ ಎಸೆಯುವಂಥದಲ್ಲ, ಅಳತೆಗೆ ಅದೇ ಆಧಾರ. 16 ಗೇಜಿನ, ಎಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ, ಉಕ್ಕಿನ ಕೊಳವೆಯೊಳಗೆ ಚೆನ್ನಾಗಿ ಒಣಗಿಸಿದ ಮರಳನ್ನು ಕುಟ್ಟಿ ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಬಡಿದು, ಬಾಗುವ ಜಾಗವನ್ನು ಕೆಂಪಗೆ ಕಾಯಿಸಿ ಮಾದರಿಗೆ ತಕ್ಕಂತೆ ಬಗ್ಗಿಸಿದರು. ಮರಳಿಲ್ಲದಿದ್ದರೆ ಬಾಗಿನಲ್ಲಿ ಕೊಳವೆ ಚಪ್ಪಟೆಯಾಗಿ ಹೊಗೆಯ ದಾರಿ ಇಕ್ಕಟ್ಟಾಗುತ್ತದೆ. ಮರಳು ಹಸಿಯಾಗಿದ್ದರೆ ಆವಿ ಹುಟ್ಟಿ ಬೆಣೆ ಸಿಡಿದು ಕಣ್ಣು ಹೋದೀತು. ನೀರಿನ ನಲ್ಲಿಯ ಜಿ.ಐ. ಪೈಪು ಅಗ್ಗವಲ್ಲವೇ ಎಂದು ನಾನು ಕೇಳಿದೆ. ಅದರ ಸತುವಿನ ಲೇಪ ಬೆಂಕಿಗೆ ಹೊಗೆಯಾಗಿ ಬೆಸುಗೆ ಹಾಕುವವನಿಗೆ ಚಳಿಜ್ವರ ತರುತ್ತದೆ ಎಂದರು. ಅದು ಪುಸ್ತಕದಲ್ಲಿಯೂ ಇರುವ ಮಾತೇ.

ಸೈಲೆನ್ಸರಿನ ಪೆಟ್ಟಿಗೆ ಪೂರ್ತಿ ಹೋಗಿದ್ದುದರಿಂದ, ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯದ ಎಂಜಿನ್ನಿರುವ ಬೇರೊಂದು ಕಾರಿನ ಹೊಸ ಸೈಲೆನ್ಸರನ್ನು ತರಿಸಿ, ಅದರ ಎರಡೂ ತುದಿಗೆ ತೋಳು ಕೊಳವೆ ಜೋಡಿಸಿದರು. ಪೆಟ್ಟಿಗೆ ತೀರ ಚಿಕ್ಕದಾದರೆ ಹೊಗೆ ಹೊರಹೋಗಲಾರದೆ ಎಂಜಿನ್ ಏದುಸಿರು ಬಿಡುತ್ತದೆ. ಒಳಗಿನ ತಡೆಗಳಿಲ್ಲದ ಬರೀ ಕೊಳವೆಯಾದರೆ ಬೀದಿಗೆಲ್ಲ ಗದ್ದಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿಯೊಂದು ವಾಹನಕ್ಕೂ ಸೈಲೆನ್ಸರು ಇರಲೇಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ. ಪೆಟ್ಟಿಗೆಯ ತಗ್ಗಿನಲ್ಲಿ ನೀರು ಬಸಿಯಲೆಂದೇ ಬಿಟ್ಟ ಸೂಜಿರಂಧ್ರವನ್ನು ಮುಚ್ಚಬಾರದೆಂದು ಅವರು ಶಿಷ್ಯನಿಗೆ ಎರಡು ಸಲ ಹೇಳಿದರು. ಕೊನೆಗೆ ಕೊಳವೆಯನ್ನು ಕಾರಿನ ಮೈಗೆ ಬಿಗಿಯಾಗಿ ಬೆಸೆಯದೆ, ಹಳೆಯ ಟೈರಿನಿಂದ ಕೊಯ್ದ ರಬ್ಬರು ಪಟ್ಟಿಗಳಿಂದ ತೂಗುಹಾಕಿದರು. ಎಂಜಿನ್ ತನ್ನ ರಬ್ಬರು ಆಸನದ ಮೇಲೆ ಸದಾ ಅಲುಗುತ್ತಿರುತ್ತದೆ. ಕೊಳವೆಗೆ ಅಲುಗಲು ಅವಕಾಶವಿಲ್ಲದಿದ್ದರೆ ಎಲ್ಲಿಯಾದರೂ ಬಿರುಕು ಬಿಡಲೇಬೇಕು. ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಬಾಲಕೊಳವೆಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿ ಹಿಡಿದು, ಯಾವ ಸಂದಿನಲ್ಲಾದರೂ ಬುಸುಗುಟ್ಟುವುದೇ ಎಂದು ಆಲಿಸಿದರು. ಎಲ್ಲಿಯೂ ಸದ್ದಿಲ್ಲ. ನೆಲದ ತಗಡಿನ ರಂಧ್ರಗಳನ್ನೂ ಕತ್ತರಿಸಿ ಹೊಸ ತಗಡು ಬೆಸೆದ ಮೇಲೆಯೇ ಅವರು ಗಾಡಿಯನ್ನು ಬಿಟ್ಟುಕೊಟ್ಟದ್ದು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಬಿಡಿಭಾಗಗಳ ಅಭಾವವೆಂಬುದು ತೇಪೆಗೆ ನಾವು ಕೊಡುವ ನೆಪವಾಗಿದೆ. ಹೊಗೆಕೊಳವೆಯಂಥ ಭಾಗ ತಗಡು, ಕೊಳವೆ, ಬೆಸುಗೆ ಇವುಗಳ ಸಂಯೋಗವಷ್ಟೇ. ಬಲ್ಲ ಕೈಯಿದ್ದರೆ ಯಾವ ತಾಲ್ಲೂಕಿನಲ್ಲಾದರೂ ಅದನ್ನು ಮಾಡಬಹುದು. ಅಭಾವವಿರುವುದು ಆ ಕೈಗಳಿಗೆ, ಮತ್ತು ಆ ಕೈಗಳಿಗೆ ಮೂರು ದಿನದ ಅವಕಾಶ ಕೊಡುವ ನಮ್ಮ ತಾಳ್ಮೆಗೆ. ಗ್ಯಾರೇಜಿನವರನ್ನು ಮಾತ್ರ ದೂರಿ ಫಲವಿಲ್ಲ. "ಸಂಜೆಯೊಳಗೆ ಆಗಬೇಕು, ಅಗ್ಗದಲ್ಲಿ ಆಗಬೇಕು, ಸದ್ದು ನಿಂತರೆ ಸಾಕು" ಎಂದು ಹೇಳಿ ಬಂದವನು ನಾನೇ. ನಾನು ಕೇಳಿದ್ದನ್ನೇ ಅವರು ಕೊಟ್ಟರು.

ಇಷ್ಟು ಹಳೆಯ ಕಾರನ್ನು ಉಳಿಸುವುದಾದರೂ ಏಕೆ, ಅದು ಗಾಳಿಯನ್ನು ಕೆಡಿಸುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನಮ್ಮ ದೇಶದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಗತೊಡಗಿದ್ದು 1995ರ ಏಪ್ರಿಲ್‌ನಿಂದ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ. ಪದ್ಮಿನಿಯಂಥ ಕಾರಿನಲ್ಲಿ ಅದಿಲ್ಲ. ದಿನವೂ ಐವತ್ತು ಮೈಲಿ ಓಡಬೇಕಾದವರು ಇಂಥ ಗಾಡಿಯನ್ನು ನೆಚ್ಚಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಾಯಿದೆ ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಪರೀಕ್ಷಿಸಿ, ಯೋಗ್ಯವಾಗಿದ್ದರೆ ನೋಂದಣಿಯನ್ನು ನವೀಕರಿಸಲು ಅವಕಾಶ ಕೊಟ್ಟಿದೆ. ಅವಕಾಶವಿರುವವರೆಗೆ ಗಾಡಿ ಓಡುತ್ತದೆ. ಓಡುವುದಾದರೆ ಸರಿಯಾಗಿ ಓಡಬೇಕು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹೊಗೆ ತಪಾಸಣೆಯ ಸಲಾಕಿಯನ್ನು ತೂರಿಸುವುದು ಬಾಲಕೊಳವೆಗೆ. ಮಧ್ಯದಲ್ಲಿ ತೂತಿದ್ದರೆ ಹೊಗೆಯ ಬಡಿತಗಳ ನಡುವೆ ಹೊರಗಾಳಿ ಒಳನುಗ್ಗಿ ಹೊಗೆಯನ್ನು ತೆಳುವಾಗಿಸುತ್ತದೆ. ಯಂತ್ರ ಇರುವುದಕ್ಕಿಂತ ಕಡಿಮೆ ವಿಷ ತೋರಿಸುತ್ತದೆ. ಕೆಟ್ಟ ಕೊಳವೆಯ ಕಾರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಳಗೆ ಕುಳಿತವರಿಗೆ ವಿಷ ಉಣಿಸಬಹುದು. ಆದುದರಿಂದ ಪ್ರಮಾಣಪತ್ರವೊಂದನ್ನೇ ನೆಚ್ಚಿ ಕೂಡಬಾರದು.

ಎಲ್ಲವನ್ನೂ ಓಣಿಯಲ್ಲಿ ಮಾಡಿಸಬಹುದೆಂದು ನಾನು ಹೇಳುತ್ತಿಲ್ಲ. ಬ್ರೇಕು, ಸ್ಟಿಯರಿಂಗ್ ಇವುಗಳ ಭಾಗಗಳನ್ನು ಬೆಸುಗೆಯಿಂದ ನೂಕುವುದು ಆತ್ಮಹತ್ಯೆಗೆ ಸಮಾನ. ಅವು ಸಿಗದಿದ್ದರೆ ಕಾರನ್ನು ನಿಲ್ಲಿಸುವುದೇ ಸರಿ. ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ವಿವೇಚನೆಯೂ ದುರಸ್ತಿಯ ವಿದ್ಯೆಗೇ ಸೇರಿದ್ದು.

ಹಳೆಯ ಕಾರನ್ನು ಇಟ್ಟುಕೊಂಡಿರುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಗಾಡಿಯನ್ನು ಎತ್ತಿಸಿ ಕೊಳವೆಯನ್ನು ತಟ್ಟಿ ನೋಡಿಸಿ; ನೆಲದ ಮ್ಯಾಟು ಎತ್ತಿ ನೋಡಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ ಕೊಳವೆಯ ನೀರನ್ನು ಒಣಗಿಸಿ. ಕಾರಿನಲ್ಲಿ ಕುಳಿತವರಿಗೆ ಕಾರಣವಿಲ್ಲದೆ ತಲೆನೋವು ಬಂದರೆ ಕಿಟಕಿ ತೆರೆದು, ಗಾಡಿ ನಿಲ್ಲಿಸಿ, ಇಳಿಸಿ. ಚೆನ್ನಾಗಿರುವ ಕೊಳವೆಯ ಅಳತೆಯನ್ನು ಈಗಲೇ ಕಾಗದದ ಮೇಲೆ ಬರೆಯಿಸಿಡಿ. ಕೊಳೆತ ಮೇಲೆ ಅಳೆಯಲು ಏನೂ ಉಳಿಯದು. ಅಧ್ಯಾಪಕ ಬಂಧುಗಳಲ್ಲಿ ಮತ್ತೊಂದು ಮಾತು: ಮಾನಾಕ್ಸೈಡಿನ ಪಾಠ ಹೇಳುವ ದಿನ ಮಕ್ಕಳನ್ನು ಹತ್ತಿರದ ವೆಲ್ಡಿಂಗ್ ಅಂಗಡಿಗೆ ಕರೆದೊಯ್ದು ಕೊಳೆತ ಸೈಲೆನ್ಸರೊಂದನ್ನು ಸೀಳಿ ತೋರಿಸಿರಿ. ವಿದ್ಯಾಸಂಸ್ಥೆಗಳಿಗೆ ನೆರವಾಗುವ ದಾನಿಗಳು ಕಟ್ಟಡದ ಜೊತೆಗೆ ಒಂದು ಸಣ್ಣ ಕಾರ್ಯಾಗಾರಕ್ಕೂ, ಅಲ್ಲಿಗೆ ತಿಂಗಳಿಗೆರಡು ಸಲ ಬಂದು ಕೈಕೆಲಸ ತೋರಿಸುವ ಹಿರಿಯ ಮೇಸ್ತ್ರಿಯ ಗೌರವಧನಕ್ಕೂ ಮನಸ್ಸು ಮಾಡಬಹುದು.

ಆ ಮೇಸ್ತ್ರಿಗಳ ಶಿಷ್ಯ ಈಗ ಒಬ್ಬನೇ. ಅವನೂ ದ್ವಿಚಕ್ರ ವಾಹನದ ಷೋರೂಮಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ನಮ್ಮ ಕಾರಿನ ಕೊಳವೆಯ ಸರಳು ಮಾದರಿಯನ್ನು ಅವರು ಅಂಗಡಿಯ ಗೋಡೆಗೆ ತೂಗುಹಾಕಿ, ಸೀಮೆಸುಣ್ಣದಿಂದ 'ಫಿಯಟ್' ಎಂದು ಬರೆದಿದ್ದಾರೆ. ಅದರ ಪಕ್ಕದಲ್ಲಿ ಇನ್ನೂ ಹತ್ತಾರು ಸರಳುಗಳು ತೂಗುತ್ತಿವೆ. ಯಾವುದು ಯಾವ ಗಾಡಿಯದೆಂದು ಬಲ್ಲವರು ಅವರೊಬ್ಬರೇ. ಅದನ್ನು ಬರೆದಿಟ್ಟುಕೊಳ್ಳಲು ಮುಂದಿನ ವಾರ ನೋಟುಪುಸ್ತಕದೊಡನೆ ಹೋಗಬೇಕೆಂದಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಬಿಡುವಿರುವವರು ಯಾರಾದರೂ ಜೊತೆಗೆ ಬಂದರೆ ಸಂತೋಷ.